ಕಾಣೆಯಾದ ಯುವತಿಯೂ ಶ್ರಾವಕನ ಸತ್ಯಾಣುವ್ರತವೂ

ಸತ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ಸುಳ್ಳು ಹೇಳಬಾರದೆಂಬುದು ಬಾಲಕರಿಗೂ ತಿಳಿದ ವಿಷಯ. ಸರಕಿನ ಗುಣವನ್ನು ಮರೆಮಾಚಬಾರದು, ಸುಳ್ಳು ಸಾಕ್ಷ್ಯ ನುಡಿಯಬಾರದು, ಖೊಟ್ಟಿ ಲೆಕ್ಕ ಬರೆಯಬಾರದು. ಇಷ್ಟನ್ನು ಪಾಲಿಸಿದ ಗೃಹಸ್ಥನು ತನ್ನ ವ್ರತವು ಭಂಗವಾಗಿಲ್ಲವೆಂದು ನೆಮ್ಮದಿಯಿಂದ ಇರುತ್ತಾನೆ. ಆದರೆ ತನಗೆ ತಿಳಿಯದ ಸಂಗತಿಯ ಬಗ್ಗೆ ‘ಹೀಗೆಯೇ ಆಗಿರಬೇಕು’ ಎಂದು ನಾಲ್ಕು ಜನರ ಮುಂದೆ ಹೇಳುವ ಮಾತು ಯಾವ ಗುಂಪಿಗೆ ಸೇರಬೇಕು? ಹೇಳಿದವನಿಗೆ ಅದು ಸುಳ್ಳೆಂದು ಗೊತ್ತಿಲ್ಲ, ನಿಜವೆಂದೂ ಗೊತ್ತಿಲ್ಲ. ಮೋಸಗೊಳಿಸುವ ಉದ್ದೇಶ ಅವನಿಗಿಲ್ಲ. ಹಾಗಿದ್ದರೂ ಆ ಮಾತು ದೋಷವೇ? ದೋಷವಾದರೆ ಎಷ್ಟು ದೊಡ್ಡದು? ಈ ಪ್ರಶ್ನೆ ಇಂದಿನ ಜೈನ ಕುಟುಂಬಗಳ ಮುಂದೆ ಅತ್ಯಂತ ತೀಕ್ಷ್ಣವಾಗಿ ನಿಲ್ಲುವುದು ಊರಿನಲ್ಲಿ ಒಬ್ಬ ಯುವತಿ ಕಾಣೆಯಾದಾಗ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲೂಕುಗಳ ಜೀವನಕ್ರಮ ಕಳೆದ ಎರಡು ಮೂರು ದಶಕಗಳಲ್ಲಿ ಬಹಳ ಬದಲಾಗಿದೆ. ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಿಗೆ ಹಳ್ಳಿಹಳ್ಳಿಗಳಿಂದ ಹೆಣ್ಣುಮಕ್ಕಳು ಕೆಲಸಕ್ಕೆ ಹೋಗುತ್ತಾರೆ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರೂ ಇದ್ದಾರೆ. ಮುಳಬಾಗಿಲನ್ನು ದಾಟಿದರೆ ಆಂಧ್ರದ ಗಡಿ. ಅಲ್ಲಿಂದ ಮುಂದೆ ತಮಿಳುನಾಡು ದೂರವಲ್ಲ. ಇಂಥ ನಾಡಿನಲ್ಲಿ ಒಂದು ಸಂಜೆ ಒಬ್ಬ ಮಗಳು ಮನೆಗೆ ಬರಲಿಲ್ಲವೆಂದರೆ, ತಾಯಿತಂದೆಗಳು ಬಸ್‌ ನಿಲ್ದಾಣವನ್ನು ಮುಟ್ಟುವ ಮೊದಲೇ ಊರಿನಲ್ಲಿ ಕಥೆ ಸಿದ್ಧವಾಗಿರುತ್ತದೆ. ಕನ್ನಡದಲ್ಲೊಂದು, ತೆಲುಗಿನಲ್ಲೊಂದು, ತಮಿಳಿನಲ್ಲೊಂದು. ಹಿಂದೆ ಈ ಕಥೆ ಅಂಗಡಿಯ ಜಗುಲಿಯಿಂದ ಬಾವಿಕಟ್ಟೆಗೆ ಹೋಗಲು ಒಂದು ದಿನ ಬೇಕಾಗುತ್ತಿತ್ತು. ಈಗ ಆಕೆಯ ಭಾವಚಿತ್ರದೊಡನೆ ಅದು ಕ್ಷಣದಲ್ಲಿ ಸಾವಿರಾರು ಮೊಬೈಲುಗಳಿಗೆ ತಲುಪುತ್ತದೆ. ವೇಗ ಹೊಸದು; ದೋಷ ಹಳೆಯದು. ಹಳೆಯದಾದ್ದರಿಂದಲೇ ಆಚಾರ್ಯರು ಅದನ್ನು ಗುರುತಿಸಿ ಹೆಸರಿಟ್ಟಿದ್ದಾರೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತಾರೆ. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ಖೊಟ್ಟಿ ದಸ್ತಾವೇಜು ಬರೆಯುವ ಕೂಟಲೇಖವನ್ನೂ, ಇಟ್ಟ ಗಂಟನ್ನು ಕಡಿಮೆ ಮಾಡಿ ಹೇಳುವ ನ್ಯಾಸಾಪಹಾರವನ್ನೂ ವರ್ತಕರು ಚೆನ್ನಾಗಿ ಬಲ್ಲರು. ಉಳಿದವುಗಳಲ್ಲಿ ಎರಡರ ಕಡೆಗೆ ಲಕ್ಷ್ಯ ಕಡಿಮೆ. ರಹೋಭ್ಯಾಖ್ಯಾನವೆಂದರೆ ಸ್ತ್ರೀಪುರುಷರು ಏಕಾಂತದಲ್ಲಿ ನಡೆದುಕೊಂಡ ವಿಷಯವನ್ನು ಬಹಿರಂಗವಾಗಿ ಆಡುವುದು. ಸಾಕಾರಮಂತ್ರಭೇದವೆಂದರೆ, ಟೀಕಾಕಾರರ ವಿವರಣೆಯಂತೆ, ಇನ್ನೊಬ್ಬರ ಮುಖಭಾವ, ಹುಬ್ಬಿನ ಚಲನೆ, ಸಂದರ್ಭ ಮುಂತಾದ ಹೊರ ಚಿಹ್ನೆಗಳಿಂದ ಅವರ ಮನಸ್ಸಿನ ಅಭಿಪ್ರಾಯವನ್ನು ಊಹಿಸಿ, ಅಸೂಯೆ ಮೊದಲಾದ ಕಾರಣಗಳಿಂದ ಅದನ್ನು ಪ್ರಕಟಪಡಿಸುವುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಎರಡೂ ಅತಿಚಾರಗಳಲ್ಲಿ ಮಾತು ಸುಳ್ಳಾಗಿರಲೇಬೇಕೆಂಬ ನಿಯಮವಿಲ್ಲ. ಊಹೆ ನಿಜವಾಗಿಬಿಟ್ಟರೂ ಅತಿಚಾರ ಅತಿಚಾರವೇ. ಏಕೆಂದರೆ ದೋಷವಿರುವುದು ಹೊರಬಂದ ಫಲದಲ್ಲಿ ಅಲ್ಲ. ಆಧಾರವಿಲ್ಲದೆ ಒಬ್ಬ ಜೀವಿಯ ಅಂತರಂಗವನ್ನು ಬೀದಿಯಲ್ಲಿ ಹರಡುವ ಪ್ರವೃತ್ತಿಯಲ್ಲಿ. ಅದಕ್ಕೂ ಮೇಲೆ, ಇಲ್ಲದ ದೋಷವನ್ನು ಒಬ್ಬರ ಮೇಲೆ ಹೊರಿಸುವ ಅಭ್ಯಾಖ್ಯಾನ, ಬೆನ್ನ ಹಿಂದೆ ಚಾಡಿ ಹೇಳುವ ಪೈಶುನ್ಯ, ಪರರ ನಿಂದೆಯಾದ ಪರಪರಿವಾದ, ಇವು ಮೂರೂ ಹದಿನೆಂಟು ಪಾಪಸ್ಥಾನಗಳಲ್ಲಿ ಪ್ರತ್ಯೇಕವಾಗಿ ಎಣಿಸಲ್ಪಟ್ಟಿವೆ. ಪ್ರತಿಕ್ರಮಣದಲ್ಲಿ ಇವುಗಳನ್ನು ಬಾಯಿಪಾಠವಾಗಿ ಹೇಳುವ ಮನೆಗಳು ಅನೇಕ. ಇನ್ನು ಕೇಳುವವರ ವಿಷಯ: ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವ ಐದು ಅನರ್ಥದಂಡಗಳಲ್ಲಿ ದುಃಶ್ರುತಿಯೂ ಒಂದು. ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದೂ ಪ್ರಯೋಜನವಿಲ್ಲದ ಪಾಪವೇ. ಆದ್ದರಿಂದ ‘ನಾವು ಹೇಳಲಿಲ್ಲ, ಬರೀ ಕೇಳಿದೆವು, ಬಂದದ್ದನ್ನು ಮುಂದಕ್ಕೆ ಕಳುಹಿಸಿದೆವು’ ಎಂಬ ಸಮಾಧಾನಕ್ಕೆ ಶಾಸ್ತ್ರದಲ್ಲಿ ಎಡೆಯಿಲ್ಲ.

ಇದಕ್ಕೆ ವಿಚಾರವಂತರು ಎತ್ತುವ ಆಕ್ಷೇಪವೂ ಬಲವಾದದ್ದೇ. ಊಹೆಯಿಲ್ಲದೆ ಶೋಧನೆ ಹೇಗೆ ಸಾಧ್ಯ? ಯಾರಾದರೂ ಸಂಶಯಪಟ್ಟಾಗಲೇ ಅಪರಾಧ ಹೊರಬೀಳುತ್ತದೆ. ಎಲ್ಲರೂ ವಚನಗುಪ್ತಿಯನ್ನು ಪಾಲಿಸಿ ಬಾಯಿ ಮುಚ್ಚಿಕೊಂಡರೆ ದುಷ್ಟನಿಗೆ ಅನುಕೂಲವಾಗುವುದಿಲ್ಲವೇ? ಈ ಆಕ್ಷೇಪಕ್ಕೆ ಉತ್ತರ ಕೊಡದೆ ಉಪದೇಶ ಮಾಡುವುದು ಸರಿಯಲ್ಲ. ಉತ್ತರವನ್ನು ಕರ್ನಾಟಕದಲ್ಲಿಯೇ ನಡೆದ ಒಂದು ಪ್ರಕರಣದಲ್ಲಿ ಹುಡುಕಬಹುದು.

2009ರ ಜೂನ್ ತಿಂಗಳಿನಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಿಂದ ಒಬ್ಬ ಯುವತಿ ಕಾಣೆಯಾದಳು. ಸ್ವಲ್ಪ ದಿನಗಳಲ್ಲಿಯೇ ಊರು ತೀರ್ಮಾನಕ್ಕೆ ಬಂದಿತು: ಆಕೆ ಬೇರೆ ಮತದ ಯುವಕನೊಡನೆ ಓಡಿಹೋಗಿದ್ದಾಳೆ. ಇದಕ್ಕೆ ಆಧಾರವೇನೂ ಇರಲಿಲ್ಲ. ಆದರೆ ಆ ಕಾಲದಲ್ಲಿ ಆ ಪ್ರದೇಶದಲ್ಲಿ ಜನರ ಮನಸ್ಸು ಅಂಥ ಕಥೆಯನ್ನು ನಂಬಲು ಸಿದ್ಧವಾಗಿತ್ತು. ಪ್ರತಿಭಟನೆ ನಡೆಯಿತು; ಪೊಲೀಸ್ ಠಾಣೆಯ ಮುಂದೆ ಜನ ಸೇರಿದರು; ಒಂದು ಇಡೀ ಸಮುದಾಯದ ಕಡೆಗೆ ಬೆರಳು ತೋರಿಸಲಾಯಿತು.

ಪೊಲೀಸರು ದೂರವಾಣಿ ಕರೆಗಳ ದಾಖಲೆಯನ್ನು ತೆಗೆದು ನೋಡಿದಾಗ ಬೇರೆಯೇ ದಾರಿ ಕಂಡಿತು. ಆಕೆಯೊಡನೆ ಮಾತನಾಡಿದ ಒಂದು ಸಂಖ್ಯೆ ಇನ್ನೊಬ್ಬ ಮಹಿಳೆಯ ಹೆಸರಿನಲ್ಲಿತ್ತು. ವಿಚಾರಿಸಿದರೆ ಆಕೆಯೂ ಕಾಣೆಯಾಗಿದ್ದಳು. ಆಕೆಯ ಕರೆಗಳ ಜಾಡು ಹಿಡಿದರೆ ಮತ್ತೊಬ್ಬ ಕಾಣೆಯಾದ ಮಹಿಳೆ. ಹೀಗೆ ಒಂದರಿಂದ ಒಂದಕ್ಕೆ ಹೋಗಿ, 2009ರ ಅಕ್ಟೋಬರ್‌ನಲ್ಲಿ ಪೊಲೀಸರು ಹಿಡಿದದ್ದು ಮೋಹನ್ ಕುಮಾರ್ ಎಂಬವನನ್ನು. ಅವನು ಹಿಂದೆ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದವನು. ಊರು ಹೇಳಿದ ಮತದವನೂ ಅಲ್ಲ, ಊರು ಊಹಿಸಿದ ವಯಸ್ಸಿನವನೂ ಅಲ್ಲ.

ಮುಂದೆ ನ್ಯಾಯಾಲಯಗಳ ಮುಂದೆ ಬಂದ ವಿವರ ಭಯಂಕರವಾದದ್ದು. ವರದಕ್ಷಿಣೆ ಕೊಡಲಾರದೆ ಮದುವೆಯಾಗದೆ ಉಳಿದ ಬಡ ಹೆಣ್ಣುಮಕ್ಕಳನ್ನು ಅವನು ಪರಿಚಯ ಮಾಡಿಕೊಳ್ಳುತ್ತಿದ್ದನು. ವರದಕ್ಷಿಣೆಯಿಲ್ಲದೆ ಮದುವೆಯಾಗುವೆನೆಂದು ನಂಬಿಸಿ, ಇದ್ದ ಒಡವೆಗಳನ್ನು ತೊಟ್ಟು ಬರುವಂತೆ ಹೇಳಿ ದೂರದ ಊರಿಗೆ ಕರೆದೊಯ್ಯುತ್ತಿದ್ದನು. ಮರುದಿನ ಬೆಳಗ್ಗೆ ಒಡವೆಗಳನ್ನು ವಸತಿಗೃಹದ ಕೋಣೆಯಲ್ಲಿಯೇ ಬಿಡಿಸಿ, ಬಸ್‌ ನಿಲ್ದಾಣಕ್ಕೆ ಕರೆತಂದು, ಗರ್ಭನಿರೋಧಕವೆಂದು ಹೇಳಿ ಸೈನೈಡ್ ಸವರಿದ ಮಾತ್ರೆಯನ್ನು ಕೊಡುತ್ತಿದ್ದನು. ಶೌಚಾಲಯದೊಳಗೆ ಹೋಗಿ ಅದನ್ನು ನುಂಗಿದ ಮಹಿಳೆ ಅಲ್ಲಿಯೇ ಸಾಯುತ್ತಿದ್ದಳು. ಮಡಿಕೇರಿ, ಮೈಸೂರು, ಹಾಸನ, ಬೆಂಗಳೂರು ಬಸ್‌ ನಿಲ್ದಾಣಗಳಲ್ಲಿ ಇಂಥ ಶವಗಳು ದೊರೆತಿದ್ದವು. ಗುರುತು ಹಿಡಿಯುವವರಿಲ್ಲದೆ ಅವು ಅಸಹಜ ಮರಣಗಳ ಕಡತ ಸೇರಿದ್ದವು. ಅವನ ಮೇಲೆ ಬಂದ ಕೊಲೆ ಪ್ರಕರಣಗಳ ಸಂಖ್ಯೆ 20. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು. ಬಂಟ್ವಾಳದ ಯುವತಿಯ ಪ್ರಕರಣದಲ್ಲಿ ಹೈಕೋರ್ಟು ಅದನ್ನು ಮುಂದೆ ಜೀವಾವಧಿಗೆ ಇಳಿಸಿತು. ವಿಚಾರಣಾ ನ್ಯಾಯಾಲಯದಲ್ಲಿ 20ನೆಯ ಹಾಗೂ ಕೊನೆಯ ಪ್ರಕರಣ, ಕಾಸರಗೋಡಿನ ಮಹಿಳೆಯೊಬ್ಬಳದು, ತೀರ್ಮಾನವಾದದ್ದು 2020ರ ಜೂನ್‌ನಲ್ಲಿ.

ಈ ಪ್ರಕರಣವನ್ನು ಸಾಮಾನ್ಯವಾಗಿ ಒಬ್ಬ ಕ್ರೂರಿಯ ಕಥೆಯೆಂದು ಹೇಳಿ ಮುಗಿಸುತ್ತಾರೆ. ಆದರೆ ಶ್ರಾವಕನು ಕೇಳಬೇಕಾದ ಪ್ರಶ್ನೆ ಬೇರೆ. ಇಷ್ಟು ಮಹಿಳೆಯರು ಒಬ್ಬರಾದ ಮೇಲೊಬ್ಬರು ವರ್ಷಗಟ್ಟಲೆ ಕಾಣೆಯಾಗುತ್ತ ಹೋದರೂ ಯಾರೂ ಏಕೆ ಹುಡುಕಲಿಲ್ಲ? ಹಲವು ಕುಟುಂಬಗಳು ಠಾಣೆಗೆ ದೂರನ್ನೇ ಕೊಟ್ಟಿರಲಿಲ್ಲ. ಮಗಳು ಯಾರೊಂದಿಗೋ ಹೋಗಿದ್ದಾಳೆ, ದೂರು ಕೊಟ್ಟರೆ ಮನೆತನದ ಮಾನ ಹೋಗುತ್ತದೆ, ತಂಗಿಯರ ಮದುವೆ ನಿಲ್ಲುತ್ತದೆ ಎಂಬ ಭಯ. ಈ ಭಯ ಮನೆಯೊಳಗೆ ಹುಟ್ಟಿದ್ದಲ್ಲ. ಊರಿನ ಬಾಯಿಯಿಂದ ಬಂದದ್ದು. ‘ಓಡಿಹೋದಳು’ ಎಂಬ ಒಂದು ಮಾತು ಮನೆಯವರ ಬಾಯನ್ನು ಮುಚ್ಚಿಸಿತು. ಮನೆಯವರು ಬಾಯಿ ಮುಚ್ಚಿದ್ದರಿಂದ ಮೈಸೂರಿನ ಅಪರಿಚಿತ ಶವಕ್ಕೂ ಕರಾವಳಿಯ ಖಾಲಿ ಮನೆಗೂ ಸಂಬಂಧ ಹತ್ತಲಿಲ್ಲ. ಸಂಬಂಧ ಹತ್ತದ್ದರಿಂದ ಕೊಲೆಗಾರನಿಗೆ ಮುಂದಿನ ಮನೆಯ ಬಾಗಿಲು ತೆರೆದಿತ್ತು.

ಊಹೆಯ ದೋಷವನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು. ಊಹೆಯಿಂದ ಒಬ್ಬರ ಹೆಸರು ಕೆಡುತ್ತದೆಯೆಂಬುದು ದೋಷದ ಅರ್ಧ ಭಾಗ ಮಾತ್ರ. ಇನ್ನರ್ಧ ಅದಕ್ಕಿಂತ ಘೋರವಾದದ್ದು. ಊಹೆ ಉತ್ತರದ ಜಾಗದಲ್ಲಿ ಕುಳಿತುಕೊಳ್ಳುತ್ತದೆ. ಉತ್ತರ ಸಿಕ್ಕಿತೆಂದು ತಿಳಿದವರು ಹುಡುಕುವುದನ್ನು ನಿಲ್ಲಿಸುತ್ತಾರೆ. ಆದ್ದರಿಂದ ಬಾಯಿಮಾತಿನ ಊಹೆ ಕೇವಲ ಮೃಷಾವಾದದ ಹತ್ತಿರದ್ದಲ್ಲ. ಅದು ಪ್ರಾಣಾತಿಪಾತಕ್ಕೂ ದಾರಿ ಮಾಡಿಕೊಡಬಲ್ಲದು.

ಜೈನ ಪ್ರಮಾಣಶಾಸ್ತ್ರ ಈ ವಿವೇಕವನ್ನು ಬಹಳ ಹಿಂದೆಯೇ ಮಾಡಿಟ್ಟಿದೆ. ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂದು ನಾಲ್ಕು ಹಂತಗಳು. ದೂರದಲ್ಲಿ ಬಿಳಿಯದೇನೋ ಕಂಡಿತು, ಇದು ಅವಗ್ರಹ. ಅದು ಬೆಳ್ಳಕ್ಕಿಯೋ ಎಂದು ವಿಶೇಷವನ್ನು ಅರಿಯಲು ಹೊರಡುವುದು ಈಹಾ. ರೆಕ್ಕೆ ಬಡಿದು ಮೇಲೇರಿದ್ದನ್ನು ಕಂಡು ಬೆಳ್ಳಕ್ಕಿಯೇ, ಪತಾಕೆಯಲ್ಲ ಎಂದು ನಿಶ್ಚಯಿಸುವುದು ಅವಾಯ. ಅದನ್ನು ಮರೆಯದೆ ಉಳಿಸಿಕೊಳ್ಳುವುದು ಧಾರಣಾ. ಈಹಾ ಎಂಬುದು ಸಂಶಯವಲ್ಲವೆಂದು ಶಾಸ್ತ್ರಕಾರರು ಒತ್ತಿ ಹೇಳುತ್ತಾರೆ. ಮುಸ್ಸಂಜೆಯಲ್ಲಿ ಕಂಡದ್ದು ಕಂಬವೋ ಮನುಷ್ಯನೋ ಎಂದು ಎರಡರ ನಡುವೆ ತೂಗಾಡುವುದು ಸಂಶಯ; ಕಂಬವನ್ನೇ ಮನುಷ್ಯನೆಂದು ಹಿಡಿಯುವುದು ವಿಪರ್ಯಯ. ಇವೆರಡೂ ಜ್ಞಾನದ ದೋಷಗಳು. ಈಹಾ ಮಾತ್ರ ಜ್ಞಾನದ ಹೆಜ್ಜೆ, ಏಕೆಂದರೆ ಅದು ನಿಶ್ಚಯದ ಕಡೆಗೆ ನಡೆಯುತ್ತದೆ.

ಬಂಟ್ವಾಳದಲ್ಲಿ ಕರೆಗಳ ದಾಖಲೆಯನ್ನು ಒಂದೊಂದಾಗಿ ಪರಿಶೀಲಿಸಿದ್ದು ಈಹಾ. ಪ್ರತಿಯೊಂದು ಊಹೆಯನ್ನೂ ಪರೀಕ್ಷೆಗೆ ಒಡ್ಡಿ, ತಪ್ಪಾದರೆ ಬಿಟ್ಟು, ಮುಂದಿನದಕ್ಕೆ ಹೋಗುವ ಕೆಲಸ ಅದು. ಬೀದಿಯಲ್ಲಿ ಕೂಗಿದ್ದು ವಿಪರ್ಯಯ. ಪರೀಕ್ಷೆಯಿಲ್ಲ, ಬಿಡುವ ಸಿದ್ಧತೆಯಿಲ್ಲ. ಎರಡನ್ನೂ ಊಹೆ ಎಂಬ ಒಂದೇ ಪದದಿಂದ ಕರೆಯುವುದರಿಂದ ಗೊಂದಲ ಹುಟ್ಟುತ್ತದೆ. ತನಿಖಾಧಿಕಾರಿಯ ಊಹೆ ತಪ್ಪಾದರೆ ಅದು ಕಡತದೊಳಗೆ ಅಳಿಸಿಹೋಗುತ್ತದೆ. ಊರಿನ ಊಹೆ ತಪ್ಪಾದರೆ ಅದು ಒಬ್ಬರ ಹಣೆಯ ಮೇಲೆ ಉಳಿದುಬಿಡುತ್ತದೆ.

ಒಂದು ಸತ್ಯವನ್ನು ಮರೆಮಾಚದೆ ಒಪ್ಪಿಕೊಳ್ಳಬೇಕು. ಬಂಟ್ವಾಳದಲ್ಲಿ ಜನರು ಠಾಣೆಯ ಮುಂದೆ ಸೇರಿ ಒತ್ತಾಯಿಸಿದ್ದರಿಂದಲೇ ತನಿಖೆಗೆ ವೇಗ ಬಂದಿತು. ಆ ಒತ್ತಡವಿಲ್ಲದಿದ್ದರೆ ಆ ಕಡತವೂ ಹಿಂದಿನವುಗಳಂತೆ ಧೂಳು ಹಿಡಿಯುತ್ತಿತ್ತೇನೋ. ಹಾಗಾದರೆ ತಪ್ಪು ಊಹೆಯೇ ಸತ್ಯವನ್ನು ಹೊರತಂದಿತೆ? ಇಲ್ಲ. ಸತ್ಯಕ್ಕೆ ದಾರಿ ಮಾಡಿಕೊಟ್ಟದ್ದು ‘ನಮ್ಮ ಊರಿನ ಮಗಳನ್ನು ಹುಡುಕಿಕೊಡಿ’ ಎಂಬ ಬೇಡಿಕೆ. ಬೇಡಿಕೆಯ ಜೊತೆಗೆ ಕಟ್ಟಿದ ‘ಇಂಥವರೇ ಕರೆದೊಯ್ದಿದ್ದಾರೆ’ ಎಂಬ ಉತ್ತರ ಆ ಕೆಲಸಕ್ಕೆ ಏನನ್ನೂ ಸೇರಿಸಲಿಲ್ಲ. ದ್ವೇಷವನ್ನು ಮಾತ್ರ ಸೇರಿಸಿತು. ಹುಡುಕಿರೆಂದು ಒತ್ತಾಯಿಸುವುದು ಕರುಣೆ, ಧರ್ಮ. ಉತ್ತರವನ್ನು ತಾನೇ ಕಟ್ಟಿಕೊಡುವುದು ಅತಿಚಾರ. ಎರಡೂ ಒಂದೇ ಗುಂಪಿನ ಬಾಯಿಂದ ಒಟ್ಟಿಗೆ ಬರುವುದರಿಂದಲೇ ಬೇರ್ಪಡಿಸಿ ನೋಡಬೇಕಾಗಿದೆ. ಮೌನವನ್ನೇ ವ್ರತವೆಂದು ತಿಳಿದು ಕೈಕಟ್ಟಿ ಕೂರುವವನೂ ತಪ್ಪಿತಸ್ಥನೇ. ಉಳಿದ ಮಹಿಳೆಯರ ವಿಷಯದಲ್ಲಿ ಅವರ ಊರುಗಳು ಮಾಡಿದ್ದು ಅದನ್ನೇ.

ಕೋಲಾರದವರಿಗೆ ಊಹೆಯ ಇನ್ನೊಂದು ಮುಖದ ಪರಿಚಯ ಹತ್ತಿರದಿಂದಲೇ ಇದೆ. ಅದು ಕಾಣೆಯಾದವರ ಪ್ರಕರಣವಲ್ಲ, ಒಂದು ಸಾವಿನ ಪ್ರಕರಣ. ಆದರೆ ಜನರ ಮಾತು ಹಿಡಿದ ದಾರಿ ಒಂದೇ. 2013ರಿಂದ 2014ರವರೆಗೆ ಇಲ್ಲಿ ಜಿಲ್ಲಾಧಿಕಾರಿಯಾಗಿದ್ದ ಡಿ. ಕೆ. ರವಿ ಅವರು ಮರಳು ದಂಧೆ ಹಾಗೂ ಭೂಕಬಳಿಕೆಯ ವಿರುದ್ಧ ನಿಂತು ಜನಪ್ರೀತಿ ಗಳಿಸಿದ್ದರು. 2015ರ ಮಾರ್ಚ್ 16ರಂದು ಬೆಂಗಳೂರಿನ ತಮ್ಮ ವಸತಿಯಲ್ಲಿ ಅವರು ಮೃತರಾಗಿ ಕಂಡುಬಂದರು. ಜಿಲ್ಲೆ ದುಃಖಿಸಿತು, ಅಂಗಡಿಗಳು ಮುಚ್ಚಿದವು, ಜನ ಬೀದಿಗಿಳಿದರು. ಪ್ರಾಮಾಣಿಕ ಅಧಿಕಾರಿಯನ್ನು ದಂಧೆಕೋರರು ಕೊಂದಿದ್ದಾರೆ ಎಂಬುದು ಮನೆಮನೆಯ ನಿಶ್ಚಯವಾಯಿತು. ಸಿಬಿಐ ತನಿಖೆಗಾಗಿ ಒತ್ತಾಯಿಸಿದ್ದು ನ್ಯಾಯವಾದ ಬೇಡಿಕೆಯೇ. ಮಾರ್ಚ್ 23ರಂದು ಸರ್ಕಾರ ಅದಕ್ಕೆ ಒಪ್ಪಿತು. ಆದರೆ ಆ ನಡುವಿನ ದಿನಗಳಲ್ಲಿ ಊಹೆಯ ದಿಕ್ಕು ಬದಲಾಗಿ, ಅವರ ಸಹೋದ್ಯೋಗಿಯಾಗಿದ್ದ ಒಬ್ಬ ಮಹಿಳಾ ಅಧಿಕಾರಿಯ ಖಾಸಗಿ ಬದುಕು ಊರೂರಿನ ಹರಟೆಯ ವಸ್ತುವಾಯಿತು. ಕೊನೆಗೆ ಆಕೆಯ ಪತಿ ಹೈಕೋರ್ಟಿನ ಮೊರೆ ಹೋಗಿ, ಮಧ್ಯಂತರ ವರದಿಯನ್ನು ಬಹಿರಂಗಪಡಿಸದಂತೆ ತಡೆಯಾಜ್ಞೆ ತರಬೇಕಾಯಿತು. ಮುಂದೆ ಸಿಬಿಐ ಅದು ಆತ್ಮಹತ್ಯೆಯೆಂಬ ನಿರ್ಣಯಕ್ಕೆ ಬಂದಿತು.

ಬಂಟ್ವಾಳದಲ್ಲಿ ಊಹೆಗೆ ಮೂಲ ದ್ವೇಷ. ಕೋಲಾರದಲ್ಲಿ ಮೂಲ ಪ್ರೀತಿ. ಎರಡು ಕಡೆಯೂ ಅದು ಕೊನೆಗೆ ಬಂದು ನಿಂತದ್ದು ಒಬ್ಬ ಹೆಣ್ಣಿನ ನಡತೆಯ ಬಾಗಿಲಲ್ಲಿ. ರಾಗವೂ ದ್ವೇಷವೂ ಒಂದೇ ಬಂಧನದ ಎರಡು ಎಳೆಗಳೆಂದು ಶಾಸ್ತ್ರ ಹೇಳುವುದು ಇದಕ್ಕಾಗಿಯೇ. ‘ನಮ್ಮದು ಒಳ್ಳೆಯ ಉದ್ದೇಶ’ ಎಂಬುದು ರಕ್ಷಣೆಯಲ್ಲ. ಮುಂದುವರಿದ ದೇಶಗಳ ಸ್ಥಿತಿಯೂ ಭಿನ್ನವಲ್ಲ. 2023ರ ಜನವರಿಯಲ್ಲಿ ಇಂಗ್ಲೆಂಡಿನ ಲ್ಯಾಂಕಷೈರ್‌ನಲ್ಲಿ ನಾಯಿಯೊಡನೆ ನದೀತೀರದಲ್ಲಿ ತಿರುಗಾಡಲು ಹೋದ ಇಬ್ಬರು ಮಕ್ಕಳ ತಾಯಿಯೊಬ್ಬರು ಕಾಣೆಯಾದರು. ದೂರದೂರುಗಳಿಂದ ಹವ್ಯಾಸಿ ಪತ್ತೇದಾರರು ಆ ಹಳ್ಳಿಗೆ ಬಂದು ತೋಟಗಳಿಗೆ ನುಗ್ಗಿದರು. ಪರಿಚಯವಿಲ್ಲದ ಜನ ಆಕೆಯ ಜೊತೆಗಾರನ ಮೇಲೆ ಕೊಲೆಯ ಸಂಶಯ ಹೊರಿಸಿದರು. ಮೂರು ವಾರಗಳ ಬಳಿಕ ಆಕೆಯ ದೇಹ ಅದೇ ನದಿಯಲ್ಲಿ ಸಿಕ್ಕಿತು. ಆಕಸ್ಮಿಕವಾಗಿ ಮುಳುಗಿ ಸತ್ತರೆಂದು ಅಧಿಕೃತ ವಿಚಾರಣೆಯಲ್ಲಿ ತೀರ್ಮಾನವಾಯಿತು. ಸಂಶಯ ಹೊರಿಸಿದವರು ಆ ಮಕ್ಕಳಿಗೆ ಏನನ್ನು ಹಿಂದಿರುಗಿಸಬಲ್ಲರು?

ಜೈನ ಪುರಾಣಗಳಲ್ಲಿ ಅಂಜನಾದೇವಿಯ ಕಥೆ ಈ ವಿಷಯಕ್ಕೆ ಸಾಕಷ್ಟು ಬೆಳಕು ನೀಡುತ್ತದೆ. ವಿವಾಹಕ್ಕೆ ಮುಂಚೆ ಪವನಂಜಯನು ಮರೆಯಲ್ಲಿ ನಿಂತು ಸಖಿಯೊಬ್ಬಳು ಬೇರೊಬ್ಬ ರಾಜಕುಮಾರನನ್ನು ಹೊಗಳುವುದನ್ನು ಕೇಳಿದನು. ಅಂಜನೆ ಸುಮ್ಮನಿದ್ದಳು. ಆ ಮೌನದಿಂದ ಆಕೆಯ ಮನಸ್ಸನ್ನು ತಾನು ಅರಿತೆನೆಂದು ಅವನು ಭಾವಿಸಿದನು. ಸಾಕಾರಮಂತ್ರಭೇದಕ್ಕೆ ಮೊದಲ ಹೆಜ್ಜೆಯೇ ಇದು: ಹೊರ ಚಿಹ್ನೆಯಿಂದ ಅಂತರಂಗದ ನಿರ್ಣಯ. ಅದರ ಫಲವಾಗಿ ಮದುವೆಯಾದ ಮೇಲೂ 22 ವರ್ಷ ಆಕೆಯ ಮುಖ ನೋಡಲಿಲ್ಲ. ಯುದ್ಧಕ್ಕೆ ಹೊರಟಾಗ ಪಶ್ಚಾತ್ತಾಪವಾಗಿ ಗುಪ್ತವಾಗಿ ಬಂದು ಆಕೆಯೊಡನಿದ್ದು ಮರಳಿದನು. ಗರ್ಭಿಣಿಯಾದ ಅಂಜನೆಯನ್ನು ಅತ್ತೆ ಕೇತುಮತಿ ನಂಬಲಿಲ್ಲ. ಪತಿ ಕೊಟ್ಟ ಗುರುತನ್ನು ತೋರಿಸಿದರೂ ನಂಬಲಿಲ್ಲ. ತವರಿನ ಬಾಗಿಲೂ ಮುಚ್ಚಿತು. ಸಖಿಯೊಬ್ಬಳನ್ನು ಜೊತೆಗಿಟ್ಟುಕೊಂಡು ಆಕೆ ಕಾಡು ಸೇರಿದಳು. ಗುಹೆಯಲ್ಲಿ ಹನುಮಂತನನ್ನು ಹೆತ್ತಳು.

ಈ ಕಥೆಯನ್ನು ಸತಿಯ ಶೀಲದ ಮಹಿಮೆಗಾಗಿ ಹೇಳುವ ರೂಢಿಯಿದೆ. ಆದರೆ ಇದನ್ನು ಊಹಿಸಿದವರ ಕಡೆಯಿಂದಲೂ ಓದಬೇಕು. ಕೇತುಮತಿ ದುಷ್ಟೆಯಲ್ಲ. ತನಗೆ ಕಂಡದ್ದರಿಂದ, ಲೋಕರೂಢಿಯಂತೆ, ಎಲ್ಲರೂ ಮಾಡುವ ತೀರ್ಮಾನವನ್ನೇ ಮಾಡಿದಳು. ಮಗ ಮರಳುವವರೆಗೆ ಕಾಯಬಹುದಿತ್ತು, ಕಾಯಲಿಲ್ಲ, ಅಷ್ಟೆ. ಪವನಂಜಯನು ಯುದ್ಧದಿಂದ ಮರಳಿ ಅಂಜನೆ ಇಲ್ಲವೆಂದು ತಿಳಿದಾಗ ಯಾರು ತಪ್ಪಿತಸ್ಥರೆಂದು ವಿಚಾರಣೆ ನಡೆಸುತ್ತ ಕೂರಲಿಲ್ಲ. ಅವಳನ್ನು ಹುಡುಕುತ್ತ ಕಾಡಿಗೆ ಹೊರಟನು. ಮೊದಲು ಊಹಿಸಿ ಪಾಪ ಕಟ್ಟಿಕೊಂಡವನು ಹುಡುಕುವುದರಿಂದ ಅದನ್ನು ಕಳೆದುಕೊಂಡನು.

ಕೆಲವು ವಿದ್ಯಾವಂತರು ಇಲ್ಲಿ ಸ್ಯಾದ್ವಾದವನ್ನು ಅಡ್ಡ ತರುವುದುಂಟು. ವಸ್ತು ಅನಂತಧರ್ಮಾತ್ಮಕ, ಯಾವ ಮಾತನ್ನೂ ಪೂರ್ತಿ ಅಲ್ಲಗಳೆಯುವಂತಿಲ್ಲ, ಆದ್ದರಿಂದ ‘ಹೀಗೂ ಇರಬಹುದು’ ಎನ್ನುವುದರಲ್ಲಿ ತಪ್ಪೇನು ಎಂಬುದು ಅವರ ವಾದ. ಇದು ಸ್ಯಾದ್ವಾದದ ದುರ್ಬಳಕೆ. ‘ಸ್ಯಾತ್’ ಎಂದರೆ ‘ಇದ್ದರೂ ಇರಬಹುದು’ ಎಂಬ ಅನುಮಾನದ ಮಾತಲ್ಲ. ‘ಇಂಥ ಒಂದು ಅಪೇಕ್ಷೆಯಿಂದ’ ಎಂದು ಅದರ ಅರ್ಥ. ಯಾವ ದ್ರವ್ಯ, ಯಾವ ಕ್ಷೇತ್ರ, ಯಾವ ಕಾಲ, ಯಾವ ಭಾವದ ಅಪೇಕ್ಷೆಯಿಂದ ಹೇಳುತ್ತಿದ್ದೇನೆಂಬ ನಿಶ್ಚಿತ ತಿಳಿವಳಿಕೆಯಿರುವವನಿಗೆ ಮಾತ್ರ ಆ ಪದವನ್ನು ಬಳಸುವ ಅಧಿಕಾರ. ತಾನು ಎಲ್ಲಿ ನಿಂತು ನೋಡುತ್ತಿದ್ದೇನೆಂದು ಅರಿತವನು, ತನಗೆ ಕಾಣದ ಭಾಗ ಎಷ್ಟೆಂಬುದನ್ನೂ ಅರಿತಿರುತ್ತಾನೆ. ಕಾಣೆಯಾದ ಯುವತಿಯ ವಿಷಯದಲ್ಲಿ ಊರಿನವರು ನಿಷ್ಠೆಯಿಂದ ಹೇಳಬಹುದಾದ ಮಾತು ಒಂದೇ: ‘ಇಷ್ಟು ಗಂಟೆಗೆ ಇಂಥ ಕಡೆ ಆಕೆಯನ್ನು ಕಂಡೆವು, ಅದಕ್ಕಿಂತ ಹೆಚ್ಚು ತಿಳಿಯದು.’ ಸ್ಯಾದ್ವಾದ ಕಲಿಸುವುದು ಈ ಮಿತಿಯನ್ನೇ.

ವ್ಯಾಪಾರ ವೃತ್ತಿಯವರಿಗೆ ಇದನ್ನು ಲೆಕ್ಕದ ಭಾಷೆಯಲ್ಲಿ ಹೇಳಿದರೆ ಬೇಗ ಮನದಟ್ಟಾಗುತ್ತದೆ. ವರ್ಷದ ಕೊನೆಯಲ್ಲಿ ಜಮಾ ಖರ್ಚು ತಾಳೆಯಾಗದಿದ್ದರೆ, ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಇಡುತ್ತಾರೆ. ತಪ್ಪು ಎಲ್ಲಿದೆಯೆಂದು ಸಿಗುವವರೆಗೆ ಅದು ಅಲ್ಲಿಯೇ ಇರಬೇಕು. ಪುಸ್ತಕ ಮುಗಿಸುವ ಆತುರದಲ್ಲಿ ಆ ಮೊತ್ತವನ್ನು ಯಾವನೋ ಒಬ್ಬ ಗಿರಾಕಿಯ ಹೆಸರಿಗೆ ಖರ್ಚು ಬರೆದರೆ ತೇರೀಜು ಸರಿಹೊಂದುತ್ತದೆ, ಆದರೆ ಲೆಕ್ಕ ಸುಳ್ಳಾಗುತ್ತದೆ. ಮೇಲಾಗಿ ನಿಜವಾದ ತಪ್ಪನ್ನು ಇನ್ನು ಯಾರೂ ಹುಡುಕುವುದಿಲ್ಲ. ಪ್ರಾಮಾಣಿಕ ಗುಮಾಸ್ತನು ತಾಳೆಯಾಗದ ಲೆಕ್ಕವನ್ನು ತಾಳೆಯಾಗದೆ ಇಟ್ಟುಕೊಂಡಿರುವ ಸಂಕಟವನ್ನು ಸಹಿಸುತ್ತಾನೆ. ಮನುಷ್ಯರ ವಿಷಯದಲ್ಲಿ ಅದಕ್ಕಿಂತ ಕಡಿಮೆ ಪ್ರಾಮಾಣಿಕತೆ ಸಾಕೆಂದು ಯಾವ ಶ್ರಾವಕನೂ ಹೇಳಲಾರನು.

ಸಂಶಯಕ್ಕೆ ಯೋಗ್ಯವಾದ ಸ್ಥಳವೂ ಒಂದಿದೆ. ಅದು ತನ್ನ ಸ್ವಂತ ವ್ಯವಹಾರ. ಮೋಹನ್ ಕುಮಾರನು ಸತ್ತ ಮಹಿಳೆಯರ ಒಡವೆಗಳಿಂದ ಹಣ ಮಾಡಿಕೊಂಡವನು. ಹೆಣ್ಣುಮಕ್ಕಳ ಒಡವೆಗಳನ್ನು ಗಂಡಸೊಬ್ಬ ಮತ್ತೆ ಮತ್ತೆ ತಂದರೆ ಕೊಳ್ಳುವವರೂ ಗಿರವಿ ಹಿಡಿಯುವವರೂ ಪ್ರಶ್ನೆ ಕೇಳಬೇಕು, ಹೆಸರು ವಿಳಾಸಗಳನ್ನು ಬರೆದಿಡಬೇಕು. ಕದ್ದು ತಂದದ್ದನ್ನು ಕೊಳ್ಳುವ ತದಾಹೃತಾದಾನವು ಅಚೌರ್ಯವ್ರತದ ಅತಿಚಾರ. ನೆರೆಮನೆಯ ಮಗಳ ಬಗ್ಗೆ ನೂರು ಪ್ರಶ್ನೆ ಕೇಳುವ ನಾಲಿಗೆ ತನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಮೌನವಾದರೆ ಅದು ವಚನಗುಪ್ತಿಯಲ್ಲ, ಲೋಭ.

ಇನ್ನು ಕರ್ತವ್ಯದ ಮಾತು. ಒಂದು ಕುಟುಂಬದ ಮಗಳು ಕಾಣೆಯಾದರೆ ಸಮಾಜವೂ ಬಸದಿ, ಮಂದಿರಗಳ ಆಡಳಿತ ಮಂಡಳಿಗಳೂ ಮಾಡಬಹುದಾದ ಕೆಲಸಗಳು ಅನೇಕ. ಮೊದಲನೆಯದು, ಆ ತಾಯಿತಂದೆಗಳೊಡನೆ ಠಾಣೆಗೆ ಹೋಗುವುದು. ಒಂಟಿಯಾಗಿ ಹೋದ ಬಡ ತಂದೆಯ ಮಾತಿಗಿಂತ ನಾಲ್ವರು ಹಿರಿಯರು ಜೊತೆಗಿದ್ದ ತಂದೆಯ ಮಾತಿಗೆ ಬೆಲೆ ಹೆಚ್ಚು. 24 ಗಂಟೆ ಕಾದು ದೂರು ಕೊಡಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅಂಥ ನಿಯಮ ಕಾನೂನಿನಲ್ಲಿಲ್ಲ. ಕಾಣೆಯಾದ ಒಬ್ಬ ಬಾಲಕಿಯ ತಂದೆಯ ದೂರನ್ನು ದಾಖಲಿಸದ ಪ್ರಕರಣದಿಂದ ಆರಂಭವಾದ ಲಲಿತಾ ಕುಮಾರಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2013ರ ನವೆಂಬರ್‌ನಲ್ಲಿ, ಸಂಜ್ಞೇಯ ಅಪರಾಧ ಕಂಡುಬರುವ ದೂರನ್ನು ಪೊಲೀಸರು ದಾಖಲಿಸಲೇಬೇಕೆಂದು ತೀರ್ಪು ನೀಡಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಘಟನೆ ಯಾವ ಠಾಣೆಯ ವ್ಯಾಪ್ತಿಯದಾದರೂ ಅಂಥ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಮೂರು ರಾಜ್ಯಗಳು ಹತ್ತಿರವಿರುವ ಮುಳಬಾಗಿಲಿನಂಥ ಕಡೆ ಇದು ಮುಖ್ಯ. ತುರ್ತು ಸಹಾಯಕ್ಕೆ 112 ಸಂಖ್ಯೆ ಇದೆ.

ಎರಡನೆಯದು, ತಿಳಿದದ್ದನ್ನು ತಿಳಿಯಬೇಕಾದವರಿಗೆ ಮಾತ್ರ ಹೇಳುವುದು. ಯಾವ ಬಸ್ಸು ಹತ್ತಿದಳು, ಯಾರ ಜೊತೆ ಕಂಡಳು ಎಂಬುದು ನಿಜವಾಗಿ ಗೊತ್ತಿದ್ದರೆ ತನಿಖಾಧಿಕಾರಿಗೆ ಹೇಳುವುದು ಕರ್ತವ್ಯ. ಅದೇ ಮಾತನ್ನು ಮದುವೆಮನೆಯ ಪಂಕ್ತಿಯಲ್ಲಿ ಹೇಳುವುದು ರಹೋಭ್ಯಾಖ್ಯಾನ. ಮೂರನೆಯದು, ಹರಡುವ ಕಥೆಯನ್ನು ತನ್ನಲ್ಲಿಗೆ ಬಂದಾಗ ನಿಲ್ಲಿಸುವುದು. ‘ಇದನ್ನು ನೀವು ಕಂಡಿರಾ, ಕೇಳಿದಿರಾ?’ ಎಂಬ ಒಂದು ಪ್ರಶ್ನೆ ಸಾಕು. ಕಾಣೆಯಾದವಳ ಚಿತ್ರವನ್ನು ಮನೆಯವರ ಒಪ್ಪಿಗೆಯಿಂದ ಹಂಚಬಹುದು. ಅದರ ಕೆಳಗೆ ಕಾರಣವನ್ನು ಬರೆಯಕೂಡದು. ಆಕೆ ಸಿಕ್ಕ ಮೇಲೆ ಆ ಚಿತ್ರವನ್ನು ಹಿಂತೆಗೆಯುವ ಹೊಣೆ ಹಂಚಿದವರದೇ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣ. ಕೆಲವೊಮ್ಮೆ ಊರಿನ ಊಹೆ ನಿಜವೇ ಆಗಿರುತ್ತದೆ. ಪ್ರಾಯಕ್ಕೆ ಬಂದ ಮಗಳು ತನ್ನ ಇಚ್ಛೆಯಿಂದಲೇ ಮನೆ ಬಿಟ್ಟಿರುತ್ತಾಳೆ. ಆಗಲೂ ಆಕೆ ಮರಳಿ ಬರಬಹುದಾದ, ಕನಿಷ್ಠ ಫೋನ್ ಮಾಡಿ ‘ಬದುಕಿದ್ದೇನೆ’ ಎಂದು ಹೇಳಬಹುದಾದ ದಾರಿ ತೆರೆದಿರಬೇಕು. ಹಿಂದೆ ಬಿಟ್ಟ ಊರಿನಲ್ಲಿ ತನ್ನ ಹೆಸರಿನ ಮೇಲೆ ಏನೇನು ಕಟ್ಟಲಾಗಿದೆಯೆಂದು ತಿಳಿದ ಹೆಣ್ಣು ಕಷ್ಟಕ್ಕೆ ಸಿಕ್ಕಾಗಲೂ ಫೋನ್ ಮಾಡಲಾರಳು. ಅಂಥವಳನ್ನೇ ಮೋಹನ್ ಕುಮಾರನಂಥವರು ಹುಡುಕುತ್ತಿರುತ್ತಾರೆ. ಆಚಾರದ ವಿಷಯದಲ್ಲಿ ಆಕೆಯ ನಡೆಯನ್ನು ಒಪ್ಪದಿರುವ ಸ್ವಾತಂತ್ರ್ಯ ಹಿರಿಯರಿಗಿದೆ. ಆಕೆಯ ಪ್ರಾಣವನ್ನು ಲೆಕ್ಕದಿಂದ ಬಿಟ್ಟುಬಿಡುವ ಸ್ವಾತಂತ್ರ್ಯ ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಯಾರಿಗೂ ಇಲ್ಲ.

ಸಂವತ್ಸರಿಯ ದಿನ, ಕ್ಷಮಾವಣಿಯ ದಿನ, ಪ್ರತಿಯೊಬ್ಬರೂ ಕೈಮುಗಿದು ‘ಮಿಚ್ಛಾಮಿ ದುಕ್ಕಡಂ’ ಎನ್ನುತ್ತಾರೆ. ಬಂಧುಗಳಿಗೆ, ವ್ಯಾಪಾರದ ಮಿತ್ರರಿಗೆ ಪತ್ರ ಹೋಗುತ್ತದೆ, ಈಗ ಸಂದೇಶಗಳು ಹೋಗುತ್ತವೆ. ಊಹೆಯಿಂದ ನೊಂದವರ ಹೆಸರು ಆ ಪಟ್ಟಿಯಲ್ಲಿ ಇರುವುದು ಅಪರೂಪ. ಊರಿನ ಪ್ರತಿಯೊಬ್ಬನೂ ಸ್ವಲ್ಪ ಸ್ವಲ್ಪ ಹೇಳಿದ್ದರಿಂದ ತಾನು ಅಪರಾಧಿಯೆಂದು ಯಾರಿಗೂ ಅನ್ನಿಸುವುದಿಲ್ಲ. ಮುಂದಿನ ಪರ್ಯೂಷಣದಲ್ಲಿ, ದಶಲಕ್ಷಣ ಪರ್ವದಲ್ಲಿ ಸತ್ಯಧರ್ಮದ ವಿಷಯ ಬಂದಾಗ, ಪ್ರತಿಯೊಂದು ಮನೆಯೂ ತಾನು ಯಾವ ಮಗಳ ಬಗ್ಗೆ ತಿಳಿಯದೆ ಮಾತನಾಡಿದೆನೆಂದು ನೆನಪಿಸಿಕೊಳ್ಳಲಿ. ಆಕೆಯ ಮನೆ ಅದೇ ಬೀದಿಯಲ್ಲಿದ್ದರೆ, ಪತ್ರ ಬರೆಯುವುದು ಬೇಡ. ನಡೆದು ಹೋಗಿ ಆ ತಾಯಿಯ ಮುಂದೆ ಕೂತು ಹೇಳಲಿ. ಮಗಳು ಇನ್ನೂ ಸಿಕ್ಕಿಲ್ಲವಾದರೆ, ಠಾಣೆಯಲ್ಲಿ ಆ ದೂರು ಯಾವ ಹಂತದಲ್ಲಿದೆಯೆಂದು ಮರುದಿನ ಆಕೆಯ ಜೊತೆ ಹೋಗಿ ವಿಚಾರಿಸಿ ಬರಲಿ.